ಅಗತ್ಯವಿಲ್ಲದವರ ಪಟ್ಟಿಯಲ್ಲಿ ನನ್ನ ಹೆಸರು

ನ್ಯೂಜೆರ್ಸಿಯ ನಮ್ಮ ಕನ್ನಡದ ಮನೆಗಳಲ್ಲಿ ಹುಟ್ಟಿ ಬೆಳೆದ ಮಕ್ಕಳು ಈಚೆಗೆ ಒಬ್ಬೊಬ್ಬರಾಗಿ ರಾಜಕೀಯ ಕಚೇರಿಗಳಿಗೆ ಕೆಲಸಕ್ಕೆ ಸೇರುತ್ತಿದ್ದಾರೆ. ಅವರ ತಾಯಂದಿರು ಅಂಗಡಿಯಲ್ಲೋ ಪಾರ್ಕಿಂಗ್ ಲಾಟಿನಲ್ಲೋ ಸಿಕ್ಕಾಗ ನನ್ನ ಕೈ ಹಿಡಿದು, ನೀವು ಅಷ್ಟು ವರ್ಷ ಅಲ್ಲೇ ಇದ್ದವರು, ಇವಳಿಗೆ ನಾಲ್ಕು ಮಾತು ಹೇಳಿ ಎನ್ನುತ್ತಾರೆ. ಕೊತ್ತಂಬರಿ ಸೊಪ್ಪು ಕೈಯಲ್ಲಿ ಹಿಡಿದುಕೊಂಡು ಹೇಳುವಂಥ ಮಾತುಗಳಲ್ಲ ಅವು. ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಸಿಕ್ಕ ಪ್ರಶಸ್ತಿ ಫಲಕಗಳು ಗ್ಯಾರೇಜಿನ ಒಂದು ಡಬ್ಬದಲ್ಲಿವೆ, ಅವುಗಳ ವಿಷಯ ಬೇಡ. ಆ ಕೆಲಸದಲ್ಲಿ ಮನುಷ್ಯರನ್ನು ಒಳಗಿನಿಂದ ತಿನ್ನುವುದು ಯಾವುದು ಎಂದು ಯಾರೂ ಮೊದಲೇ ಹೇಳುವುದಿಲ್ಲ. ನನ್ನನ್ನು ತಿಂದದ್ದು ಹೊಟ್ಟೆಕಿಚ್ಚು.

ನಾನು ಧಾರವಾಡದವಳು. ಹೆಸರು ಸುಮಂಗಲಾ, ಆಫೀಸಿನಲ್ಲಿ ಬರೀ ಸುಮಾ. ಮನೆ ಕೆಂಡಲ್ ಪಾರ್ಕಿನಲ್ಲಿ. ಅಮೆರಿಕದ ಸಂಸತ್ತಿನ ಒಬ್ಬ ಸದಸ್ಯರ ಕ್ಷೇತ್ರ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ದುಡಿದೆ. ರೂಟ್ ಒಂದು ಎಂಬ ಹೆದ್ದಾರಿಯ ಪಕ್ಕದ ಆಫೀಸ್ ಪಾರ್ಕಿನಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿ ನಮ್ಮದು. ಯಾವ ಪಕ್ಷ ಎಂದು ಬರೆಯುವುದಿಲ್ಲ. ಬರೆದರೆ ನಿಮ್ಮಲ್ಲಿ ಅರ್ಧ ಜನ ಇಲ್ಲಿಗೇ ಓದು ನಿಲ್ಲಿಸುತ್ತೀರಿ, ಇನ್ನರ್ಧ ಜನ ನಾನು ಹೇಳಿದ್ದನ್ನೆಲ್ಲ ನಂಬಿಬಿಡುತ್ತೀರಿ. ಎರಡೂ ನನಗೆ ಬೇಡ.

ನನ್ನ ಹುದ್ದೆಗೆ ಕೇಸ್‌ವರ್ಕರ್ ಎಂದು ಹೆಸರು. ಸರ್ಕಾರದ ಯಾವುದೋ ಮೇಜಿನ ಮೇಲೆ ಸಿಕ್ಕಿಕೊಂಡ ಜನರ ಕಾಗದವನ್ನು ಕದಲಿಸುವ ಕೆಲಸ. ತಂದೆ ತೀರಿಕೊಂಡ ಸುದ್ದಿ ಬಂದವರಿಗೆ ನಾಳೆಯೇ ಪಾಸ್‌ಪೋರ್ಟ್ ಬೇಕು. ಯುದ್ಧಕ್ಕೆ ಹೋಗಿ ಬಂದ ಮುದುಕನಿಗೆ ಕಿವಿಯ ಯಂತ್ರ ಬರಬೇಕಾಗಿ ಎಂಟು ತಿಂಗಳಾಗಿದೆ. ಹೆಂಡತಿಯ ವೀಸಾ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಇಂಥವರು ಫೋನ್ ಮಾಡುತ್ತಾರೆ, ನಾವು ಇಲಾಖೆಗೆ ಫೋನ್ ಮಾಡುತ್ತೇವೆ, ಸದಸ್ಯರ ಹೆಸರು ಹೇಳಿದಾಗ ಆ ಕಡೆಯವರು ಸ್ವಲ್ಪ ನೆಟ್ಟಗೆ ಕೂಡುತ್ತಾರೆ. ಅಷ್ಟೇ ನಮ್ಮ ಮಂತ್ರಶಕ್ತಿ.

ಸೇರಿದ ಮೊದಲ ವರ್ಷ ಸಮರ್‌ಸೆಟ್‌ನ ಇಬ್ಬರು ಪಟೇಲರ ಫೈಲನ್ನು ಅದಲು ಬದಲು ಮಾಡಿದೆ. ಒಬ್ಬರಿಗೆ ಫೋನ್ ಮಾಡಿ, ಅಭಿನಂದನೆಗಳು, ನಿಮ್ಮ ಹೆಂಡತಿಯ ವೀಸಾ ಮಂಜೂರಾಗಿದೆ, ಮುಂದಿನ ತಿಂಗಳು ಬರಬಹುದು ಎಂದೆ. ಆ ಮನುಷ್ಯ, ಯಾವ ಹೆಂಡತಿ ಎಂದು ಮೆತ್ತಗೆ ಕೇಳಿದರು. ಅವರ ಹೆಂಡತಿ ಹನ್ನೆರಡು ವರ್ಷದಿಂದ ಅವರ ಜೊತೆಯಲ್ಲೇ ಇದ್ದರು, ಆ ಹೊತ್ತಿಗೆ ಅಡುಗೆಮನೆಯಲ್ಲೇ ಇದ್ದರಂತೆ. ನಮ್ಮ ಕಚೇರಿಯ ಮುಖ್ಯಸ್ಥೆ ಕರೋಲ್ ಅವತ್ತು ನನ್ನನ್ನು ಕೂರಿಸಿಕೊಂಡು ಎರಡು ಪಾಠ ಹೇಳಿದಳು. ಹುಟ್ಟಿದ ದಿನಾಂಕ ನೋಡದೆ ಬಾಯಿ ತೆರೆಯಬೇಡ. ಮಾಡಿಕೊಡುತ್ತೇನೆ ಎನ್ನಬೇಡ, ಕೇಳುತ್ತೇನೆ ಎನ್ನು. ಕರೋಲ್ ಬೈದದ್ದನ್ನು ನಾನು ಕಂಡಿಲ್ಲ. ತಪ್ಪು ಮಾಡಿದವರ ಕೈಯಿಂದ ಆ ಕೆಲಸವನ್ನು ಸದ್ದಿಲ್ಲದೆ ತೆಗೆದುಬಿಡುತ್ತಿದ್ದಳು. ಅದು ಬೈಗುಳಕ್ಕಿಂತ ಕೆಟ್ಟದ್ದು ಎಂದು ನನಗೆ ಬೇಗನೇ ತಿಳಿಯಿತು.

ಹೇಗೆಂದರೆ, ನಾನು ಕಂಡ ಮೊದಲನೆಯ ಶಟ್‌ಡೌನಿನಲ್ಲಿ. ಬಜೆಟ್ಟಿನ ವಿಷಯದಲ್ಲಿ ಎರಡೂ ಪಕ್ಷಗಳು ಪಟ್ಟು ಹಿಡಿದು, ಹೊಸ ಮಸೂದೆ ಪಾಸಾಗದೆ, ಸರ್ಕಾರದ ಕಚೇರಿಗಳು ಬಾಗಿಲು ಹಾಕುವುದಕ್ಕೆ ಇಲ್ಲಿ ಶಟ್‌ಡೌನ್ ಎನ್ನುತ್ತಾರೆ. ಬಾಗಿಲು ಹಾಕಿದ ಮರುಗಳಿಗೆಯಿಂದ ಎರಡೂ ಪಕ್ಷಗಳಿಗೆ ಇರುವುದು ಒಂದೇ ಕೆಲಸ, ಹಾಕಿದ್ದು ನಾವಲ್ಲ, ಅವರು ಎಂದು ಜನರನ್ನು ನಂಬಿಸುವುದು. ಮುಚ್ಚಿದ ಗೇಟಿನ ಮುಂದೆ ನಮ್ಮ ಸದಸ್ಯರು ನಿಂತು ಮಾತಾಡಬೇಕು, ಜಾಗ ಹುಡುಕು ಎಂದು ಕರೋಲ್ ನನಗೆ ಹೇಳಿದಳು. ನಾನು ಕಾಲುವೆ ಪಕ್ಕದ ಒಂದು ಚಂದದ ಪಾರ್ಕ್ ಗೊತ್ತು ಮಾಡಿದೆ. ಅದು ಕೇಂದ್ರ ಸರ್ಕಾರದ್ದಲ್ಲ, ರಾಜ್ಯದ್ದು ಎಂಬುದನ್ನು ವಿಚಾರಿಸಲಿಲ್ಲ. ಸದಸ್ಯರು ಮೈಕಿನ ಮುಂದೆ ನಿಂತು ಈ ಬಾಗಿಲು ಮುಚ್ಚಿದವರು ಯಾರು ಎಂದು ಗುಡುಗುತ್ತಿದ್ದಾಗ, ಅವರ ಬೆನ್ನ ಹಿಂದೆ ತೆರೆದ ಗೇಟಿನೊಳಗೆ ಜನ ಜಾಗಿಂಗ್ ಮಾಡಿಕೊಂಡು ಹೋಗುತ್ತಿದ್ದರು. ಒಬ್ಬಾಕೆ ನಾಯಿಯೊಂದಿಗೆ ಹೋದವಳು ವಾಪಸ್ ಬಂದು ಕೈ ಬೀಸಿದಳು. ಎದುರು ಪಕ್ಷದವರು ಆ ಚಿತ್ರವನ್ನು ಮುಂದಿನ ಚುನಾವಣೆಯವರೆಗೂ ಬಿಡಲಿಲ್ಲ. ಅಲ್ಲಿಂದ ಮುಂದೆ ಪತ್ರಿಕೆ, ಟೀವಿಯ ಕಡೆಯ ಯಾವ ಕೆಲಸವೂ ನನ್ನ ಮೇಜಿಗೆ ಬರಲಿಲ್ಲ.

ಆಗೆಲ್ಲ ದೂರುವುದಕ್ಕೂ ಪುರುಸೊತ್ತು ಇತ್ತು. ಒಂದು ಪತ್ರ ಬರೆದು, ತಿದ್ದಿ, ಫ್ಯಾಕ್ಸ್ ಮಾಡಿದರೆ ವಾರದ ಕೊನೆಗೆ ಸ್ಥಳೀಯ ಪತ್ರಿಕೆಯಲ್ಲಿ ಬರುತ್ತಿತ್ತು. ಬರಬರುತ್ತಾ ಬೆಳಿಗ್ಗೆ ಎಂಟಕ್ಕೆ ಪಕ್ಷದ ಕೇಂದ್ರದಿಂದ ಕಾನ್ಫರೆನ್ಸ್ ಕಾಲ್ ಶುರುವಾಯಿತು. ಇವತ್ತು ಯಾವ ಪದ ಆಡಬೇಕು, ಯಾವುದನ್ನು ಆಡಬಾರದು, ಶಟ್‌ಡೌನ್ ಎನ್ನುವ ಮೊದಲು ಎದುರು ಪಕ್ಷದ ನಾಯಕನ ಹೆಸರು ಸೇರಿಸಿಯೇ ಹೇಳಬೇಕು, ಹೀಗೆ. ಆ ಕಡೆಯವರಿಗೂ ಅದೇ ಹೊತ್ತಿಗೆ ಅಂಥದ್ದೇ ಕರೆ ಇರುತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ. ನಮಗೆ ಬರುವ ಪ್ರತಿ ಫೋನಿಗೂ ಮೂರು ಅಂಕಣದ ಒಂದು ಪಟ್ಟಿ ಇತ್ತು: ನಮ್ಮನ್ನು ದೂರಿದವರು, ಅವರನ್ನು ದೂರಿದವರು, ಇಬ್ಬರನ್ನೂ ದೂರಿದವರು. ಕರೆ ಮಾಡಿದವರ ತೊಂದರೆ ಏನು ಎಂದು ಬರೆಯಲು ಆ ಪಟ್ಟಿಯಲ್ಲಿ ಅಂಕಣವಿರಲಿಲ್ಲ.

ಈ ಹೊಸ ಕಾಲಕ್ಕೆ ಸರಿಯಾಗಿ ಬಂದವಳು ರಚನಾ. ಅವಳನ್ನು ಕರೆತಂದವಳು ನಾನೇ. ಇಲ್ಲೇ ಹುಟ್ಟಿದ ಹುಡುಗಿ, ಭಾನುವಾರದ ಕನ್ನಡ ತರಗತಿಯಲ್ಲಿ ನನ್ನ ಮುಂದೆ ಕೂತು ‘ಳ’ ಬರೆಯಲಾರದೆ ಅತ್ತವಳು. ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಕರೋಲ್‌ಗೆ ಅವಳ ಹೆಸರು ಹೇಳಿದೆ. ಮೊದಲು ಫೋನ್ ಎತ್ತುವುದಕ್ಕೆ ತೆಗೆದುಕೊಂಡರು. ಎರಡು ವರ್ಷದಲ್ಲಿ ಸದಸ್ಯರ ಭಾಷಣ, ಹೇಳಿಕೆ, ವಿಡಿಯೋ ಎಲ್ಲ ಅವಳ ಕೈಗೆ ಹೋದವು.

ಮೊದಮೊದಲು ನಾನು ಹೆಮ್ಮೆಪಟ್ಟೆ. ನಮ್ಮ ಹುಡುಗಿ ಎಂದು ಹತ್ತು ಜನಕ್ಕೆ ಹೇಳಿಕೊಂಡೆ. ಅದು ಯಾವಾಗ ಬದಲಾಯಿತು ಎಂದು ನನಗೆ ಚೆನ್ನಾಗಿ ನೆನಪಿದೆ. ನಮ್ಮ ಸದಸ್ಯರಿಗೆ ಒಂದು ಅಭ್ಯಾಸವಿತ್ತು. ಶುಕ್ರವಾರ ಕ್ಷೇತ್ರದಲ್ಲಿದ್ದರೆ ನನ್ನ ಮೇಜಿನ ಅಂಚಿಗೆ ಒರಗಿ, ಸುಮಾ, ಜನ ಏನು ಹೇಳುತ್ತಿದ್ದಾರೆ ಎಂದು ಕೇಳುತ್ತಿದ್ದರು. ಹತ್ತು ನಿಮಿಷ ನಾನು ಹೇಳಿದ್ದನ್ನು ಕೇಳಿ ಹೋಗುತ್ತಿದ್ದರು. ಒಂದು ಶುಕ್ರವಾರ ಅವರು ಬಂದರು, ನಾನು ಪೆನ್ನು ಕೆಳಗಿಟ್ಟು ತಲೆ ಎತ್ತಿದೆ, ಅವರು ನನ್ನನ್ನು ದಾಟಿ ಹೋಗಿ ರಚನಾಳ ಮೇಜಿಗೆ ಒರಗಿದರು. ಅದೇ ಪ್ರಶ್ನೆ. ಅವಳು ಫೋನ್ ತೋರಿಸುತ್ತಾ ಏನೋ ಹೇಳಿದಳು, ಇಬ್ಬರೂ ನಕ್ಕರು. ನಾನು ಪೆನ್ನು ಎತ್ತಿಕೊಂಡೆ.

ಆಮೇಲೆ ಸಮರ್‌ಸೆಟ್‌ನಲ್ಲಿ ನಡೆದ ರಾಜ್ಯೋತ್ಸವದಲ್ಲಿ ಸದಸ್ಯರು ಅವಳು ಬರೆದುಕೊಟ್ಟ ಕನ್ನಡದ ಎರಡು ವಾಕ್ಯ ಓದಿದರು. ‘ನನಗೆ ನಿಮ್ಮೆಲ್ಲರಿಗೆ ಪ್ರೀತಿ ಇದ್ದಾನೆ’ ಎಂದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ವ್ಯಾಕರಣ ಕಲಿಸಿದವಳು ನಾನು, ಆದರೂ ನನಗೆ ಅವತ್ತು ಚುಚ್ಚಿದ್ದು ವ್ಯಾಕರಣವಲ್ಲ. ಅಷ್ಟು ವರ್ಷದಲ್ಲಿ ಒಂದು ಕನ್ನಡ ವಾಕ್ಯ ಹೇಳಿಸಬೇಕೆಂದು ನನಗೇಕೆ ಹೊಳೆಯಲಿಲ್ಲ ಎಂಬುದು. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಶ್ರೀಪಾದ, "ಆ ಹುಡುಗಿ ಭಾಳ ಶಾಣ್ಯಾ ಅದಾಳ ಬಿಡು" ಎಂದ. ಕಾರಿನಲ್ಲಿ ನಾನು ರೇಡಿಯೋ ಜೋರು ಮಾಡಿದೆ.

ಇನ್ನು ಆ ದೊಡ್ಡ ಶಟ್‌ಡೌನಿಗೆ ಬರುತ್ತೇನೆ. ಈ ಸಲ ಬೇಗ ಮುಗಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ದಿನ ಮಧ್ಯಾಹ್ನ ಕರೋಲ್ ನಮ್ಮನ್ನು ಸೇರಿಸಿದಳು. ಶಟ್‌ಡೌನ್ ಆದರೆ ಪ್ರತಿಯೊಬ್ಬ ಸದಸ್ಯರೂ ತಮ್ಮ ಸಿಬ್ಬಂದಿಯನ್ನು ಎರಡು ಪಟ್ಟಿ ಮಾಡಬೇಕು, ಅಗತ್ಯವಾದವರು, ಅಗತ್ಯವಿಲ್ಲದವರು. ಅಗತ್ಯವಾದವರು ಕೆಲಸಕ್ಕೆ ಬರಬೇಕು. ಉಳಿದವರು ಮನೆಯಲ್ಲಿರಬೇಕು. ಆಫೀಸಿನ ಫೋನ್ ಒಪ್ಪಿಸಬೇಕು, ಇಮೇಲ್ ಕೂಡ ನೋಡಬಾರದು, ಆ ದಿನಗಳಲ್ಲಿ ಕೆಲಸ ಮಾಡಿದರೆ ಅದೇ ಅಪರಾಧ.

ರಚನಾ ಅಗತ್ಯ. ನಾನು ಅಲ್ಲ.

ಕರೋಲ್ ಕಾರಣವನ್ನೂ ಹೇಳಿದಳು. ಇಲಾಖೆಗಳೇ ಮುಚ್ಚಿರುವಾಗ ನೀನು ಫೋನ್ ಮಾಡುವುದು ಯಾರಿಗೆ, ಸುಮಾ? ಆದರೆ ಟೀವಿಗೆ ಸದಸ್ಯರ ಮಾತು ಮಾತ್ರ ದಿನವೂ ಬೇಕು. ಅದು ತಪ್ಪು ಎಂದು ನನಗೆ ಆ ಗಳಿಗೆಯಲ್ಲೇ ಗೊತ್ತಿತ್ತು. ವಲಸೆ ಇಲಾಖೆ ಅರ್ಜಿದಾರರ ಶುಲ್ಕದಿಂದಲೇ ನಡೆಯುವುದರಿಂದ ಶಟ್‌ಡೌನಿನಲ್ಲೂ ತೆರೆದಿರುತ್ತದೆ. ನಮ್ಮ ಅರ್ಧ ಕೇಸುಗಳು ಅಲ್ಲಿಯವೇ. ಒಂದು ವಾಕ್ಯದಲ್ಲಿ ಹೇಳಬಹುದಿತ್ತು. ನಾನು ಹೇಳಲಿಲ್ಲ. ನನ್ನ ಕಣ್ಣು ರಚನಾಳ ಮುಖದ ಮೇಲಿತ್ತು, ಅವಳು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದಳು. ಅದು ಸಂಕೋಚವೋ ಜಂಬವೋ ಎಂದು ಲೆಕ್ಕ ಹಾಕುತ್ತಾ ಕೂತುಬಿಟ್ಟೆ. ಮಾಡಿಕೊಳ್ಳಲಿ, ನಾನಿಲ್ಲದೆ ಏನು ಮಾಡುತ್ತಾರೋ ನೋಡೋಣ ಎಂದುಕೊಂಡು ಫೋನ್ ಒಪ್ಪಿಸಿ ಮನೆಗೆ ಬಂದೆ.

ಮನೆಯಲ್ಲಿ ಕೂತು ಮಾಡಿದ್ದು ಒಂದೇ ಕೆಲಸ, ರಚನಾಳ ವಿಡಿಯೋಗಳನ್ನು ನೋಡುವುದು. ಎರಡನೆಯ ದಿನವೇ ಸದಸ್ಯರ ಬಾಯಲ್ಲಿ ಹೊಸ ಸಾಲೊಂದು ಬಂತು: ‘ಬೀಗ ಹಾಕಿದ್ದು ಅವರು, ಅವರ ಜೇಬು ನೋಡಿ’. ಚಿಕ್ಕ ಸಾಲು. ಮರುದಿನ ಅದು ನ್ಯೂಯಾರ್ಕಿನ ಟೀವಿಯಲ್ಲಿ ಬಂತು, ಆಮೇಲೆ ಬೇರೆ ರಾಜ್ಯದ ಸದಸ್ಯರೂ ಹೇಳತೊಡಗಿದರು, ಜನ ತಮ್ಮ ಖಾಲಿ ಜೇಬುಗಳನ್ನು ಹೊರಗೆಳೆದು ಚಿತ್ರ ಹಾಕತೊಡಗಿದರು.

ಆ ಸಾಲು ನನ್ನದು. ಅದಕ್ಕೂ ಒಂದು ವಾರ ಮೊದಲು ಆಫೀಸಿನ ಅಡುಗೆಕೋಣೆಯಲ್ಲಿ ಚಹಾ ಮಾಡಿಕೊಳ್ಳುತ್ತಾ ರಚನಾಳ ಮುಂದೆ ಹೇಳಿದ್ದೆ, "ಕೀಲಿ ಹಾಕಿದವನ ಕಿಸೇದಾಗನ ಕೀಲಿಕೈ ಇರತದ" ಎಂದು. ಅವಳಿಗೆ ಕಿಸೆ ಎಂದರೆ ಜೇಬು ಎಂದು ಬಿಡಿಸಿ ಹೇಳಿದವಳೂ ನಾನೇ. ಈಗ ಅದು ಇಂಗ್ಲಿಷ್ ಬಟ್ಟೆ ಉಟ್ಟು ದೇಶವೆಲ್ಲ ಸುತ್ತುತ್ತಿತ್ತು, ಅದನ್ನು ಕಟ್ಟಿದ ಯುವತಿ ಯಾರು ಎಂದು ಪತ್ರಿಕೆಯವರು ಕೇಳುತ್ತಿದ್ದರು. ನಾನು ಸೋಫಾದ ಮೇಲೆ ಅಗತ್ಯವಿಲ್ಲದವಳಾಗಿ ಕೂತಿದ್ದೆ.

ಹೀಗೆ ಉರಿಯುತ್ತಿದ್ದಾಗ ಶಿಲ್ಪಾ ಸಿಕ್ಕಳು. ಶಟ್‌ಡೌನಿನ ಮೂರನೆಯ ದಿನ, ನಮ್ಮ ಮನೆ ಹತ್ತಿರದ ಇಂಡಿಯನ್ ಅಂಗಡಿಯಲ್ಲಿ. ಮೈಸೂರಿನ ಹುಡುಗಿ, ಪ್ರಿನ್ಸ್‌ಟನ್ ಕಡೆಯ ಒಂದು ಔಷಧ ಕಂಪನಿಯಲ್ಲಿ ಪ್ರಯೋಗಗಳ ಅಂಕಿಅಂಶ ನೋಡುವ ಕೆಲಸದಲ್ಲಿದ್ದಳು. ಅವಳ ಮೇಲೆ ಗಂಡ ಮತ್ತು ನಾಲ್ಕನೆಯ ತರಗತಿಯ ಮಗಳ ವೀಸಾ ನಿಂತಿತ್ತು. ಕಂಪನಿ ಅವಳ ಇಡೀ ತಂಡವನ್ನೇ ತೆಗೆದುಹಾಕಿತ್ತು. ಅಂಥವರಿಗೆ ಇಲ್ಲಿರಲು ಅರವತ್ತು ದಿನ. ಅಷ್ಟರಲ್ಲಿ ಹೊಸ ಕಂಪನಿ ಅವರ ಪರವಾಗಿ ಅರ್ಜಿ ಹಾಕಬೇಕು. ಶಿಲ್ಪಾಗೆ ಸಮರ್‌ಸೆಟ್‌ನಲ್ಲಿ ಕೆಲಸ ಸಿಕ್ಕಿತ್ತು. ಆದರೆ ಅರ್ಜಿಯ ಜೊತೆ ಕಾರ್ಮಿಕ ಇಲಾಖೆಯ ಒಂದು ಒಪ್ಪಿಗೆ ಪತ್ರ ಬೇಕು, ಕಾರ್ಮಿಕ ಇಲಾಖೆ ಮುಚ್ಚಿತ್ತು. ಅವಳಿಗೆ ಉಳಿದದ್ದು ಹದಿನೇಳು ದಿನ.

"ನಿಮ್ಮ ಆಫೀಸಿಗೆ ಫೋನ್ ಮಾಡ್ಲಾ ಆಂಟಿ? ಅವ್ರು ಏನಾದ್ರೂ ಮಾಡ್ಬಹುದಾ?" ಎಂದು ಕೇಳಿದಳು.

ಇಲ್ಲಿ ನಾನು ಏನು ಹೇಳಬೇಕಿತ್ತು ಎಂದು ನಿಮಗೆ ಬರೆದುಕೊಡುತ್ತೇನೆ. ‘ನಾನು ಈಗ ಕೆಲಸದಲ್ಲಿಲ್ಲ, ಈ ನಂಬರಿಗೆ ಫೋನ್ ಮಾಡು, ರಚನಾ ಇರುತ್ತಾಳೆ.’ ಇಷ್ಟೇ. ಹಿಂದಿನ ಒಂದು ಶಟ್‌ಡೌನಿನಲ್ಲಿ, ಇಲಾಖೆ ಮುಚ್ಚಿದ್ದರಿಂದಲೇ ತಡವಾಯಿತು ಎಂದು ದಾಖಲೆ ತೋರಿಸಿದವರ ಅರ್ಜಿಯನ್ನು ವಲಸೆ ಇಲಾಖೆ ಅವಧಿ ಮೀರಿದ ಮೇಲೂ ತೆಗೆದುಕೊಂಡಿದ್ದು ನನಗೆ ಮಸುಕಾಗಿ ನೆನಪಿತ್ತು. ಆದರೆ ಅದಕ್ಕಿಂತ ಸ್ಪಷ್ಟವಾಗಿ ನನ್ನ ಕಣ್ಣಿಗೆ ಬಂದದ್ದು ಬೇರೆ. ಪಕ್ಷಕ್ಕೆ ಈಗ ಬೇಕಾದದ್ದು ಒಂದು ಮುಖ. ಎದುರು ಪಕ್ಷದ ಹಟದಿಂದ ಹಾಳಾದ ಒಂದು ಸಂಸಾರ, ಅದರ ಹೆಸರು, ಫೋಟೋ, ಕಣ್ಣೀರು. ಶಿಲ್ಪಾಳಂಥ ಮುಖ ರಚನಾಳ ಕೈಗೆ ಸಿಕ್ಕರೆ ಆ ಜೇಬಿನ ಸಾಲಿನ ಪಕ್ಕದಲ್ಲಿ ಅದೂ ಮೆರೆಯುತ್ತದೆ. ನನ್ನ ಸಾಲು, ಈಗ ನನ್ನ ಕೇಸು.

"ಬ್ಯಾಡವಾ" ಎಂದೆ. "ಮೂರು ನಾಕು ದಿನದಾಗ ಮುಗೀತದ ಇದು. ಅವರ ಹತ್ರ ಹೋದರ ನಿನ್ನ ಮಾರೀನ ಪೋಸ್ಟರ್ ಮಾಡ್ತಾರ. ಸುಮ್ನ ಕಾಯಿ."

ಅವಳು ನನ್ನನ್ನು ನಂಬಿದಳು. ನಾನು ಅವಳನ್ನು ಕಾಪಾಡಿದೆ ಎಂದು ನಾನೂ ನಂಬಿದೆ, ಮನೆ ತಲುಪುವವರೆಗೆ.

ಮೂರು ನಾಲ್ಕು ದಿನದಲ್ಲಿ ಮುಗಿಯಲಿಲ್ಲ. ದಿನಕ್ಕೊಂದು ಮತದಾನ, ದಿನವೂ ಸೋಲು, ಎರಡೂ ಕಡೆಯವರು ಮೈಕಿನ ಮುಂದೆ. ಆ ಅಂಗಡಿಗೆ ಹೋಗುವುದನ್ನೇ ಬಿಟ್ಟೆ. ಹನ್ನೊಂದು ದಿನ ಕಳೆದ ಮೇಲೆ ನಮ್ಮ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ಶಿಲ್ಪಾಳ ಮನೆಯ ಕಾರು, ಊಟದ ಮೇಜು, ಮಗಳ ಸೈಕಲ್ಲು, ಪಿಯಾನೋ ಪಾಠಕ್ಕೆಂದು ಕೊಂಡ ಕೀಬೋರ್ಡು, ಎಲ್ಲ ಮಾರಾಟಕ್ಕೆ. ‘ಮೂವಿಂಗ್ ಬ್ಯಾಕ್’, ಊರಿಗೆ ವಾಪಸ್, ಎಂದು ಕೊನೆಯಲ್ಲಿ. ಸೈಕಲ್ಲಿನ ಹಿಡಿಕೆಗೆ ಕಟ್ಟಿದ್ದ ಬಣ್ಣದ ರಿಬ್ಬನ್ನುಗಳನ್ನು ಬಿಚ್ಚದೆಯೇ ಫೋಟೋ ತೆಗೆದಿದ್ದರು.

ಶ್ರೀಪಾದನಿಗೆ ಹೇಳದೆ ಕಾರು ತೆಗೆದೆ. ಆಫೀಸಿನೊಳಗೆ ಹೋಗುವಂತಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ನಿಂತು ಕಾದೆ. ಮಧ್ಯಾಹ್ನ ರಚನಾ ಸ್ಯಾಂಡ್‌ವಿಚ್ ತರಲು ಕೆಳಗೆ ಬಂದಳು. ಕೂದಲು ಬಾಚಿರಲಿಲ್ಲ, ಕಣ್ಣು ಒಳಗೆ ಹೋಗಿದ್ದವು. ಅದನ್ನು ನೋಡಿ ನನಗೆ ಒಂದು ಕ್ಷಣ ಹಾಯೆನಿಸಿತು ಎಂಬುದನ್ನೂ ಬರೆಯುತ್ತೇನೆ.

ಶಿಲ್ಪಾಳ ವಿಷಯ ಹೇಳಿದೆ. ಆಫೀಸಿಗೆ ಫೋನ್ ಮಾಡಬೇಡ ಎಂದು ನಾನೇ ಹೇಳಿದ್ದೆ ಎಂದೂ ಹೇಳಿದೆ. ಅವಳು, "ಯಾಕೆ ಆಂಟಿ?" ಎಂದಳು. ನಾನು ಶಿಲ್ಪಾಗೆ ಉಳಿದ ದಿನಗಳ ಲೆಕ್ಕ ಹೇಳತೊಡಗಿದೆ. ಅವಳು ನನ್ನ ಮುಖ ನೋಡಿ, ಮತ್ತೆ ಕೇಳಲಿಲ್ಲ.

ಆಮೇಲೆ ಅವಳು ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ. ಮೊದಲ ದಿನದಿಂದಲೂ ನನ್ನ ಫೋನುಗಳನ್ನೆಲ್ಲ ಅವಳೇ ಎತ್ತುತ್ತಿದ್ದಳು. ಬೆಳಿಗ್ಗೆ ಹೇಳಿಕೆ, ವಿಡಿಯೋ, ಮಧ್ಯಾಹ್ನದಿಂದ ಕೇಸುಗಳು. ಶಿಲ್ಪಾಳಂಥದ್ದೇ ಗತಿಯಲ್ಲಿದ್ದ ಎಂಟು ಮನೆಯವರು ಆಗಲೇ ಕರೆ ಮಾಡಿದ್ದರು. ವಲಸೆ ಇಲಾಖೆಯವರನ್ನು ಹಿಡಿದು ಕೇಳಿ ಕೇಳಿ, ತಡವಾದ ಅರ್ಜಿಗೆ ಏನೇನು ದಾಖಲೆ ಬೇಕೆಂದು ಅವಳು ಒಂದು ಹಾಳೆಯ ಪಟ್ಟಿ ಮಾಡಿ ಅಷ್ಟೂ ಜನಕ್ಕೆ ಕಳಿಸಿದ್ದಳು. ಗಡುವಿನ ಮೊದಲೇ ಕಂಪನಿ ಸಿದ್ಧವಿತ್ತು ಎಂದು ವಕೀಲರು ಬರೆದುಕೊಡಬೇಕು, ಮುಖ್ಯವಾದದ್ದು ಅದು. ಶಿಲ್ಪಾಗೆ ಉಳಿದದ್ದು ಆರು ದಿನ. ಎಲ್ಲ ಮುಗಿಯಿತೆಂದುಕೊಂಡು ಅವಳು ಹೊಸ ಕಂಪನಿಗೆ ಆಗಲೇ ಬರುವುದಿಲ್ಲ ಎಂದು ಬರೆದುಬಿಟ್ಟಿದ್ದಳು, ಅವರು ಇನ್ನೊಬ್ಬರ ಸಂದರ್ಶನಕ್ಕೆ ದಿನ ಗೊತ್ತು ಮಾಡಿದ್ದರು.

ರಚನಾ ಸ್ಯಾಂಡ್‌ವಿಚ್ ಮರೆತು ಮೇಲೆ ಓಡಿದಳು. ಎರಡು ದಿನ ಅವಳು ಆ ಕಂಪನಿಯವರನ್ನೂ ಅವರ ವಕೀಲರನ್ನೂ ಬಿಡಲಿಲ್ಲವಂತೆ. ಕೊನೆಗೆ ಕಂಪನಿ ಜಾಗ ಹಿಡಿದಿಟ್ಟಿತು, ವಕೀಲರು ಪತ್ರ ಬರೆದರು. ಇದೆಲ್ಲ ನನಗೆ ಶಿಲ್ಪಾಳಿಂದ ತಿಳಿಯಿತು. ಫೋನಿನಲ್ಲಿ ಅವಳು, "ರಚನಾ ಎಷ್ಟು ಒಳ್ಳೇವ್ರು ಆಂಟಿ" ಎಂದು ಮೂರು ಸಲ ಹೇಳಿದಳು. ನಾನು ಹೌದವಾ, ಹೌದು ಎಂದೆ.

ಆ ಶುಕ್ರವಾರ ಸದಸ್ಯರ ದೊಡ್ಡ ಪತ್ರಿಕಾಗೋಷ್ಠಿ. ಕರೆಗಳ ಪಟ್ಟಿಯಲ್ಲಿ ಮೂರನೆಯ ಅಂಕಣ, ಇಬ್ಬರನ್ನೂ ದೂರುವವರದು, ಉದ್ದವಾಗುತ್ತಾ ಹೋಗುತ್ತಿತ್ತಂತೆ. ಅದನ್ನು ತಿರುಗಿಸಲು ಒಂದು ಮುಖ ಬೇಕೇ ಬೇಕು ಎಂದು ಕರೋಲ್ ಹೇಳಿದ್ದಳಂತೆ. ನಾನು ಮನೆಯಲ್ಲಿ ಫೋನಿನಲ್ಲಿ ನೋಡುತ್ತಾ, ಶಿಲ್ಪಾ ಬರುತ್ತಾಳೆ, ಮಗಳ ಕೈ ಹಿಡಿದು ನಿಲ್ಲುತ್ತಾಳೆ ಎಂದು ಕಾದೆ. ಮುಚ್ಚಿದ ಸರ್ಕಾರಿ ಕಚೇರಿಯ ಬಾಗಿಲಿನ ಮುಂದೆ ಸದಸ್ಯರು ಒಬ್ಬರೇ ನಿಂತಿದ್ದರು. ಜೇಬಿನ ಸಾಲು ಹೇಳಿದರು. ಒಬ್ಬ ವರದಿಗಾರ, ಈ ಕ್ಷೇತ್ರದಲ್ಲಿ ತೊಂದರೆಯಾದ ಒಬ್ಬರ ಹೆಸರು ಹೇಳಿ ಎಂದ. ಸದಸ್ಯರು ತಡವರಿಸಿದರು, ಅನೇಕರು ಎಂದರು. ಒಬ್ಬರು, ಸರ್, ಒಬ್ಬರು ಎಂದ ಅವನು. ಮಧ್ಯಾಹ್ನ ಅದೇ ಬಾಗಿಲಿನ ಮುಂದೆ ಎದುರು ಪಕ್ಷದ ಅಭ್ಯರ್ಥಿ, ಪಕ್ಕದ ಹೋಟೆಲಿನ ಮಾಲೀಕನನ್ನು ನಿಲ್ಲಿಸಿಕೊಂಡ. ಗಿರಾಕಿಗಳಿಲ್ಲದೆ ಬಾಣಸಿಗನನ್ನು ಕೆಲಸದಿಂದ ಬಿಡಿಸಿದೆ ಎಂದು ಆ ಮನುಷ್ಯ ನಮ್ಮ ಪಕ್ಷದ ಹೆಸರು ಹಿಡಿದು ಅತ್ತ. ‘ನಿಮ್ಮ ಜೇಬು ಮೊದಲು ತೋರಿಸಿ’ ಎಂಬ ಫಲಕಗಳು ಎದ್ದವು. ಆ ವಾರ ಅವರದಾಯಿತು.

ರಚನಾ ಮುಗ್ಗರಿಸಿದ್ದಳು. ನಾನು ಆ ತಡವರಿಸುವ ತುಣುಕನ್ನು ನಾಲ್ಕು ಸಲ ನೋಡಿದೆ. ಅವಳು ಶಿಲ್ಪಾಳನ್ನು ಯಾಕೆ ಕರೆತರಲಿಲ್ಲ ಎಂದು ಯೋಚಿಸುವಷ್ಟು ವ್ಯವಧಾನ ನನ್ನ ಖುಷಿಗೆ ಇರಲಿಲ್ಲ.

ಶಟ್‌ಡೌನ್ ಮುಗಿದು ಕೆಲಸಕ್ಕೆ ಮರಳಿದ ದಿನ ಕರೋಲ್ ಸಭೆ ಕರೆದಳು. ಸದಸ್ಯರೂ ಇದ್ದರು. ಎಲ್ಲಿ ಎಡವಿದೆವು ಎಂಬ ವಿಚಾರಣೆ. ಕರೋಲ್ ರಚನಾಳ ಕಡೆ ತಿರುಗಿ, ಇಡೀ ಕ್ಷೇತ್ರದಲ್ಲಿ ನಿನಗೆ ಒಬ್ಬರೂ ಸಿಗಲಿಲ್ಲವೇ ಎಂದು ಕೇಳಿದಳು. ರಚನಾ, ಸೂಕ್ತವಾದವರು ಇರಲಿಲ್ಲ ಎಂದಳು. ಒಬ್ಬರೂ? ಎಂದಳು ಕರೋಲ್. ರಚನಾ ಇಲ್ಲವೆಂದು ತಲೆಯಾಡಿಸಿದಳು.

ಆಗ ನಾನು ಬಾಯಿ ತೆರೆದೆ. "ಒಬ್ಬಳಿದ್ದಳು" ಎಂದೆ ಇಂಗ್ಲಿಷಿನಲ್ಲಿ. "ನನಗೆ ಗೊತ್ತಿತ್ತು. ಆಫೀಸಿಗೆ ಬರಬೇಡ ಎಂದು ನಾನೇ ಹೇಳಿದೆ. ಕಷ್ಟದಲ್ಲಿರುವವರನ್ನು ಪೋಸ್ಟರ್ ಮಾಡಬಾರದು."

ಕರೋಲಳ ಹುಬ್ಬು ಮೇಲೇರಿತು. ಆದರೆ ದಣಿದಿದ್ದ ಸದಸ್ಯರು ಮುಖ ಉಜ್ಜಿಕೊಂಡು, ಸುಮಾ ಹೇಳುವುದು ಸರಿ, ನಾವು ಇದನ್ನು ಮರೆತೇಬಿಟ್ಟೆವು ಎಂದರು. ಒಬ್ಬಿಬ್ಬರು ತಲೆಯಾಡಿಸಿದರು. ಎಷ್ಟೋ ತಿಂಗಳ ಮೇಲೆ ಸದಸ್ಯರು ನನ್ನ ಕಡೆ ನೋಡಿದ್ದರು. ರಚನಾ ಮೇಜಿನ ಮೇಲಿದ್ದ ತನ್ನ ಕೈಗಳನ್ನು ನೋಡುತ್ತಿದ್ದಳು.

ಅವಳು ಅಡುಗೆಕೋಣೆಗೆ ನನ್ನ ಹಿಂದೆಯೇ ಬಂದಳು. ಸಿಟ್ಟಿರಲಿಲ್ಲ. ಶುಕ್ರವಾರದ ಪತ್ರಿಕಾಗೋಷ್ಠಿಗೆ ಬರುವೆಯಾ ಎಂದು ಶಿಲ್ಪಾಳನ್ನು ಕೇಳಬೇಕೆಂದು ಫೋನ್ ಎತ್ತಿದ್ದೆ, ಹಿಂದೆ ಆ ಮಗು ಕೀಬೋರ್ಡ್ ಬಾರಿಸುತ್ತಿತ್ತು, ಕೇಳಲಾಗಲಿಲ್ಲ ಎಂದಳು. ಇಲ್ಲ ಎನ್ನುವ ಸ್ಥಿತಿಯಲ್ಲಿ ಶಿಲ್ಪಾ ಇರಲಿಲ್ಲ, ಅದಕ್ಕೇ ಕೇಳಲಿಲ್ಲವಂತೆ. ಕರೋಲ್‌ಗೂ ಅವಳ ಹೆಸರು ಹೇಳಲಿಲ್ಲವಂತೆ.

ಆಮೇಲೆ, ಭಾನುವಾರದ ತರಗತಿಯ ತನ್ನ ಕನ್ನಡದಲ್ಲಿ, ಪದಗಳನ್ನು ಹುಡುಕಿ ಹುಡುಕಿ ಹೇಳಿದಳು: "ಮೀಟಿಂಗಲ್ಲಿ ನೀವು ಹೇಳಿದ್ದು ನಿಜ ಆಂಟಿ. ಆದ್ರೆ ನೀವು ಮಾಡಿದ್ದು ಅದಕ್ಕಲ್ಲ."

ಆ ಜೇಬಿನ ಸಾಲು ನನ್ನದಲ್ಲವೇ ಎಂದೆ. ಅಷ್ಟು ಹೊತ್ತಿನಲ್ಲಿ ನನಗೆ ಸಿಕ್ಕ ಆಯುಧ ಅದೊಂದೇ.

"ಅಫ್ಕೋರ್ಸ್ ನಿಮ್ದೇ. ಫಸ್ಟ್ ಡೇನೇ ಕರೋಲ್‌ಗೆ ಹೇಳಿದ್ದೆ. ಪೇಪರ್‌ನವರಿಗೂ ಹೇಳಿದ್ದೆ, ಅವ್ರು ಹಾಕ್ಲಿಲ್ಲ" ಎಂದಳು, ಅದೊಂದು ವಿಷಯವೇ ಅಲ್ಲ ಎಂಬಂತೆ.

ಆ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಪಟೇಲರದನ್ನು ಹೇಳಿ ನಗಬಹುದು, ತೆರೆದ ಗೇಟನ್ನು ಹೇಳಿ ನಗಬಹುದು. ಇದನ್ನು ಹೇಳುವುದಕ್ಕೆ ನಿವೃತ್ತಿಯಾಗುವವರೆಗೆ ಕಾದೆ. ಒಂದೇ ಮುಖವನ್ನು ನಾವಿಬ್ಬರೂ ಬಚ್ಚಿಟ್ಟೆವು. ಅವಳು ಬಚ್ಚಿಟ್ಟು ಪೆಟ್ಟು ತಿಂದಳು, ನಾನು ಬಚ್ಚಿಟ್ಟು ಮೆಚ್ಚುಗೆ ಪಡೆದೆ. ಸದಸ್ಯರಿಗೆ ನಿಜ ಹೇಳಬೇಕೆಂದು ಅಂದುಕೊಂಡ ಶುಕ್ರವಾರಗಳು ಎಷ್ಟೋ. ಅವರು ಮತ್ತೆ ನನ್ನ ಮೇಜಿಗೆ ಒರಗಿ ಮಾತಾಡಿಸತೊಡಗಿದ್ದರು, ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ರಚನಾ ಮುಂದಿನ ಬೇಸಿಗೆಯಲ್ಲಿ ಕೆಲಸ ಬಿಟ್ಟು, ವಲಸಿಗರಿಗೆ ಕಾನೂನಿನ ನೆರವು ಕೊಡುವ ಒಂದು ಸಣ್ಣ ಸಂಸ್ಥೆ ಸೇರಿದಳು.

ನಿವೃತ್ತಿಯಾದ ವಾರ ನಾನು ಶಿಲ್ಪಾಳ ಮನೆಗೆ ಹೋದೆ. ಅವಳ ಅರ್ಜಿ ಒಪ್ಪಿಗೆಯಾಗಿ, ಕೆಲಸ ಗಟ್ಟಿಯಾಗಿ, ಅವರು ಸಮರ್‌ಸೆಟ್‌ನಲ್ಲಿ ಒಂದು ಟೌನ್‌ಹೌಸಿಗೆ ಬಂದಿದ್ದರು. ಕಾಫಿ ಕೊಟ್ಟು ಕೂತಳು. ಅವತ್ತು ಅಂಗಡಿಯಲ್ಲಿ ಫೋನ್ ಮಾಡಬೇಡ ಎಂದದ್ದು ನಿನಗೋಸ್ಕರವಲ್ಲ, ರಚನಾಳ ಮೇಲಿನ ಹೊಟ್ಟೆಕಿಚ್ಚಿಗೆ, ದಾರಿ ಇದ್ದದ್ದು ನನಗೆ ಅರ್ಧಂಬರ್ಧ ನೆನಪಿತ್ತು ಎಂದು ಹೇಳಿದೆ. ಒಂದೇ ಉಸಿರಿನಲ್ಲಿ ಹೇಳಿದೆ, ಇಲ್ಲದಿದ್ದರೆ ಆಗುತ್ತಿರಲಿಲ್ಲ.

ಅವಳು ತನ್ನ ಕಪ್ಪನ್ನು ಕೆಳಗಿಟ್ಟಳು.

"ಆ ಹನ್ನೊಂದು ದಿನ," ಎಂದಳು, "ದಿನಾ ಬೆಳಿಗ್ಗೆ ಸ್ಕೂಲ್ ಬಸ್ಸಿನ ಹತ್ರ ಮಗಳು ಕೇಳೋಳು, ಇವತ್ತು ನನ್ನ ಫ್ರೆಂಡ್ಸ್‌ಗೆ ಬೈ ಹೇಳ್ಬೇಕಾ ಅಂತ. ಇವತ್ತು ಬೇಡ, ನಾಳೆ ನೋಡೋಣ ಅನ್ನೋಳು ನಾನು. ಅವಳು ಈಗ್ಲೂ ಯಾರ ಹತ್ರಾನೂ ಜಾಸ್ತಿ ಸೇರಲ್ಲ ಆಂಟಿ."

ಕ್ಷಮಿಸು ಎಂದೆ. ಅವಳು ಪರವಾಗಿಲ್ಲ ಎನ್ನಲಿಲ್ಲ. ಬಾಗಿಲವರೆಗೆ ಬಂದು, ಐಸ್ ಇದೆ, ನೋಡ್ಕೊಂಡು ಡ್ರೈವ್ ಮಾಡಿ ಎಂದಳು.

ಆಮೇಲೆ ಅವಳು ನನಗೆ ಫೋನ್ ಮಾಡಿಲ್ಲ. ಮಗಳ ಹುಟ್ಟುಹಬ್ಬಕ್ಕೆ ರಚನಾಳನ್ನು ಕರೆಯುತ್ತಾಳೆಂದು, ರಚನಾ ಹೋಗಿ ನೆಲದ ಮೇಲೆ ಕೂತು ಆ ಹುಡುಗಿಯ ಕೀಬೋರ್ಡ್ ಕೇಳುತ್ತಾಳೆಂದು ಬೇರೆಯವರಿಂದ ತಿಳಿಯುತ್ತದೆ. ಒಳ್ಳೆಯದಾಯಿತು ಎನ್ನುತ್ತೇನೆ. ಎಂದ ಮೇಲೂ ಹೊಟ್ಟೆಯಲ್ಲಿ ಒಂದು ಕಡೆ ಸಣ್ಣಗೆ ಉರಿಯುತ್ತದೆ.